ಉತ್ತರ ದಿಕ್ಕಿನ ಮುದುಕಿಯ ಪರವಾಗಿ

‘ವಿಕೆಡ್’ ಚಲನಚಿತ್ರ 2024ರಲ್ಲಿ ತೆರೆಗೆ ಬಂದ ಮೇಲೆ, ಓಜ್ ದೇಶದ ದುಷ್ಟ ಮಾಟಗಾತಿ ನಿಜಕ್ಕೂ ದುಷ್ಟೆಯಲ್ಲ, ಲೋಕವೇ ಅವಳನ್ನು ತಪ್ಪಾಗಿ ತಿಳಿದುಕೊಂಡಿತು ಎಂಬ ಮಾತು ಮುಂಬಯಿಯ ನಮ್ಮ ಕನ್ನಡ ಬಳಗಗಳಲ್ಲಿಯೂ ಕೇಳಿಬರುತ್ತಿದೆ. ಗ್ರೆಗರಿ ಮೆಗ್ವಾಯರ್ ಅವರು ಅದೇ ಹೆಸರಿನ 1995ರ ಕಾದಂಬರಿಯಲ್ಲಿಯೇ ಹೂಡಿದ ವಾದವಿದು. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ದುಷ್ಟೆಗೆ ನ್ಯಾಯ ಕೊಡಿಸುವ ಈ ಭರಾಟೆಯಲ್ಲಿ, ಒಳ್ಳೆಯ ಮಾಟಗಾತಿಯೊಬ್ಬಳು ಕಥೆಯಿಂದಲೇ ಕಾಣೆಯಾಗಿದ್ದಾಳೆ ಎಂಬುದು ಯಾರ ಗಮನಕ್ಕೂ ಬಂದಂತಿಲ್ಲ.

ಎಲ್. ಫ್ರಾಂಕ್ ಬಾಮ್ 1900ರಲ್ಲಿ ಪ್ರಕಟಿಸಿದ, ಓಜ್ ಎಂಬ ಕಲ್ಪನೆಯ ದೇಶದ ಮೂಲ ಮಕ್ಕಳ ಕಥೆಯಲ್ಲಿ ನಾಲ್ಕು ದಿಕ್ಕಿಗೆ ನಾಲ್ವರು ಮಾಟಗಾತಿಯರಿದ್ದಾರೆ. ಪೂರ್ವ, ಪಶ್ಚಿಮದವರು ಕೆಟ್ಟವರು. ಉತ್ತರ, ದಕ್ಷಿಣದವರು ಒಳ್ಳೆಯವರು. ಸುಂಟರಗಾಳಿಗೆ ಹಾರಿಬಂದ, ಡೊರೊತಿ ಎಂಬ ಹುಡುಗಿಯ ಮನೆ ಪೂರ್ವದವಳ ಮೇಲೆ ಬಿದ್ದು ಅವಳು ಸತ್ತಾಗ, ಹುಡುಗಿಯನ್ನು ಎದುರುಗೊಳ್ಳುವವಳು ಉತ್ತರದ ಮಾಟಗಾತಿ. ಮುಖದ ತುಂಬ ಸುಕ್ಕು, ಹೆಚ್ಚುಕಡಿಮೆ ಪೂರ್ತಿ ನರೆತ ಕೂದಲು, ಕಾಲು ಸಲೀಸಾಗಿ ಮಡಚದ ಮುದುಕಿಯ ನಡಿಗೆ. ಸತ್ತವಳಷ್ಟು ಶಕ್ತಿ ತನಗಿಲ್ಲವೆಂದೂ, ಇದ್ದಿದ್ದರೆ ಇಲ್ಲಿನ ಜನರನ್ನು ತಾನೇ ಬಿಡುಗಡೆ ಮಾಡುತ್ತಿದ್ದೆನೆಂದೂ ಅವಳು ಮೊದಲ ಭೇಟಿಯಲ್ಲಿಯೇ ಹೇಳಿಬಿಡುತ್ತಾಳೆ. ಹುಡುಗಿಗೆ ದಾರಿ ತೋರಿಸಬೇಕಾಗಿ ಬಂದಾಗ ತನ್ನ ಚೂಪು ಟೊಪ್ಪಿಗೆಯನ್ನು ತೆಗೆದು, ಅದರ ತುದಿಯನ್ನು ಮೂಗಿನ ಮೇಲೆ ನಿಲ್ಲಿಸಿಕೊಂಡು, ಗಂಭೀರವಾಗಿ ಒಂದು, ಎರಡು, ಮೂರು ಎಣಿಸುತ್ತಾಳೆ. ಟೊಪ್ಪಿಗೆ ಸ್ಲೇಟಾಗುತ್ತದೆ; ಡೊರೊತಿ ಪಚ್ಚೆಯ ನಗರಕ್ಕೆ ಹೋಗಲಿ ಎಂದು ಅದರ ಮೇಲೆ ಬಿಳಿ ಬಳಪದಲ್ಲಿ ಬರೆದಿರುತ್ತದೆ. ಆಮೇಲೆ ಹುಡುಗಿಯ ಹಣೆಗೆ ಒಂದು ಮುತ್ತು. ಅವಳಿಂದಾಗುವುದು ಅಷ್ಟೇ, ಆದರೆ ಆ ಮುತ್ತಿನ ಗುರುತನ್ನು ಕಂಡೇ ಮುಂದೆ ಪಶ್ಚಿಮದವಳು ಹುಡುಗಿಯ ಮೈಮುಟ್ಟಲು ಹೆದರುತ್ತಾಳೆ. ಒಳ್ಳೆಯತನಕ್ಕೂ ಸರ್ವಶಕ್ತಿಗೂ ಗಂಟು ಹಾಕದೆ ಇಷ್ಟು ಹಗುರವಾಗಿ, ಇಷ್ಟು ನಗುವಿನೊಂದಿಗೆ ಒಂದು ಪಾತ್ರವನ್ನು ಕಟ್ಟುವುದು ಮಕ್ಕಳ ಸಾಹಿತ್ಯದಲ್ಲಿ ಸುಲಭದ ಕೆಲಸವಲ್ಲ.

ಈ ಕಥೆಯನ್ನು ತೆರೆಗೆ ತಂದ 1939ರ ಹಾಲಿವುಡ್ ಚಲನಚಿತ್ರ ಈ ಮುದುಕಿಯನ್ನು ತೆಗೆದುಹಾಕಿತು. ಕಥೆಯ ಕೊನೆಯಲ್ಲಷ್ಟೇ ಬರುವ ದಕ್ಷಿಣದ ಗ್ಲಿಂಡಾಳಿಗೆ ಉತ್ತರ ದಿಕ್ಕನ್ನು ವಹಿಸಿ, ಗುಳ್ಳೆಯೊಂದರಲ್ಲಿ ತೇಲಿಸಿ ಕೆಳಗಿಳಿಸಿತು. ಪಾತ್ರಗಳನ್ನು ಕಡಿಮೆ ಮಾಡುವುದು ಸಿನಿಮಾದವರ ಅನಿವಾರ್ಯತೆ ಎಂದು ಒಪ್ಪಬಹುದು. ಆದರೆ ಅದರಿಂದ ಕಥೆಯ ಒಳಗೇ ಒಂದು ಬಿರುಕು ಬಿದ್ದಿತು. ಮೂಲದಲ್ಲಿ ಉತ್ತರದವಳಿಗೆ, ಸತ್ತವಳಿಂದ ಡೊರೊತಿಗೆ ದಕ್ಕಿದ ಬೆಳ್ಳಿಯ ಪಾದರಕ್ಷೆಗಳ ಗುಟ್ಟು ಗೊತ್ತಿಲ್ಲ. ಗೊತ್ತಿದ್ದವಳು ಗ್ಲಿಂಡಾ, ಅವಳು ಸಿಕ್ಕ ಕೂಡಲೇ ಹೇಳುತ್ತಾಳೆ. ಸಿನಿಮಾದಲ್ಲಿ ಇಬ್ಬರೂ ಒಬ್ಬಳೇ ಆದದ್ದರಿಂದ, ಮನೆಗೆ ಮರಳುವ ಉಪಾಯ ಹುಡುಗಿಯ ಕಾಲಲ್ಲೇ ಇದೆಯೆಂದು ಮೊದಲ ದಿನವೇ ತಿಳಿದಿದ್ದೂ ಬಾಯಿ ಬಿಡದ, ಕೊನೆಗೆ ‘ಹೇಳಿದ್ದರೆ ನಂಬುತ್ತಿರಲಿಲ್ಲ’ ಎಂದು ಜಾರಿಕೊಳ್ಳುವ ಗ್ಲಿಂಡಾ ಹುಟ್ಟಿದಳು. ಆ ಚೆಂದದ ನಗುವಿನ ಹಿಂದೆ ಏನೋ ಇದೆ ಎಂಬ ಅನುಮಾನಕ್ಕೆ ಇಂದಿನ ಮರುಕಥನಗಳಲ್ಲಿ ಇಷ್ಟು ಅವಕಾಶ ಸಿಕ್ಕಿರುವುದಕ್ಕೆ ಈ ಬೆಸುಗೆಯೂ ಕಾರಣವೆಂದು ನನಗನ್ನಿಸುತ್ತದೆ.

ಅದೇ ಸಿನಿಮಾದಲ್ಲಿ ಗ್ಲಿಂಡಾ, ಕೆಟ್ಟ ಮಾಟಗಾತಿಯರು ಮಾತ್ರ ಕುರೂಪಿಗಳು ಎಂದು ಹುಡುಗಿಗೆ ಮುಗುಳ್ನಗುತ್ತ ತಿಳಿಸುತ್ತಾಳೆ. ಇದಕ್ಕೊಂದು ತಮಾಷೆಯ ಹಿನ್ನೆಲೆಯಿದೆ. ಪಶ್ಚಿಮದ ಮುದಿ ಕುರೂಪಿಯಾಗಿ ನಟಿಸಿದ ಮಾರ್ಗರೆಟ್ ಹ್ಯಾಮಿಲ್ಟನ್ ಹುಟ್ಟಿದ್ದು 1902ರಲ್ಲಿ. ಹೊಳೆಯುವ ಗ್ಲಿಂಡಾ ಆಗಿ ನಟಿಸಿದ ಬಿಲ್ಲಿ ಬರ್ಕ್ ಹುಟ್ಟಿದ್ದು 1884ರಲ್ಲಿ. ಐವತ್ತು ದಾಟಿದವರಿಗೆ ಗುಲಾಬಿ ಉಡುಪು, ಇನ್ನೂ ನಲವತ್ತಾಗದವರಿಗೆ ಹಸಿರು ಬಣ್ಣ! ಮೂಲದಲ್ಲಿ ಹಸಿರು ಮೈಯೂ ಇಲ್ಲ, ಪೊರಕೆಯ ಮೇಲಿನ ಹಾರಾಟವೂ ಇಲ್ಲ. ಅಲ್ಲಿ ಪಶ್ಚಿಮದವಳ ಕೈಯಲ್ಲಿರುವುದು ಕೊಡೆ.

ಮುಪ್ಪು ಮತ್ತು ಕೇಡನ್ನು ಒಂದೇ ಮುಖದಲ್ಲಿ ಬರೆಯುವುದು ಕಥೆಯೊಳಗಿನ ನಿರಪಾಯದ ಚಿತ್ರವಲ್ಲ. ಬಾಮ್ ಅವರ ಅತ್ತೆ ಮಟಿಲ್ಡಾ ಜಾಸ್ಲಿನ್ ಗೇಜ್ 1893ರ ತಮ್ಮ ಗ್ರಂಥದಲ್ಲಿ, ಮಾಟಗಾತಿಯರೆಂದು ಯುರೋಪು ಸುಟ್ಟುಹಾಕಿದವರಲ್ಲಿ ಅರಿವುಳ್ಳ ಹೆಂಗಸರೂ ಇದ್ದರೆಂದು ವಾದಿಸಿದ್ದರು. ಅಳಿಯ ಬರೆದ ಉತ್ತರದ ಮುದುಕಿಯಲ್ಲಿ ಆ ಮನೆಯ ಮಾತುಕತೆಯ ನೆರಳಿದೆ ಎಂದು ನಾನು ಓದಿಕೊಳ್ಳುತ್ತೇನೆ. ನಮ್ಮ ಮಹಾರಾಷ್ಟ್ರದಲ್ಲಿ ಮಾಟದ ಹೆಸರಿನ ಹಿಂಸೆಯ ವಿರುದ್ಧ ಕಾಯ್ದೆ ಬಂದದ್ದು 2013ರಲ್ಲಿ, ಅದೂ ಅದಕ್ಕಾಗಿ ವರ್ಷಗಟ್ಟಲೆ ದುಡಿದ ನರೇಂದ್ರ ದಾಭೋಲ್ಕರ್ ಪುಣೆಯ ಬೀದಿಯಲ್ಲಿ ಗುಂಡಿಗೆ ಬಲಿಯಾದ ಮೇಲೆ.

ದುಷ್ಟ ಮಾಟಗಾತಿಯರು ಸೊಗಸಾಗಿ ಬರುತ್ತಾರೆ ಎಂಬುದನ್ನು ಅಲ್ಲಗಳೆಯಲಾರೆ. ಬಾಮ್ ಅವರ ಪಶ್ಚಿಮದವಳಿಗೆ ಒಂದೇ ಕಣ್ಣು, ಅದು ದುರ್ಬೀನಿನಷ್ಟು ದೂರ ಕಾಣಬಲ್ಲದು. ಆದರೂ ಅವಳಿಗೆ ಕತ್ತಲೆಂದರೆ ಭಯ. ಡೊರೊತಿಯಿಂದ ಪಾತ್ರೆ ತಿಕ್ಕಿಸಿ, ನೆಲ ಗುಡಿಸಿಸಿ, ಒಲೆಗೆ ಸೌದೆ ಹಾಕಿಸುತ್ತಾಳೆ. ಹುಡುಗಿ ನೀರೆರಚಿದಾಗ ಕರಗಿಹೋದವಳನ್ನು ಅದೇ ಹುಡುಗಿ ಇನ್ನೊಂದು ಬಕೆಟ್ ನೀರು ಸುರಿದು ಬಾಗಿಲಾಚೆ ಗುಡಿಸಿಹಾಕುತ್ತಾಳೆ. ಮರಾಠಿ ರಂಗಭೂಮಿಯಲ್ಲಿ ರತ್ನಾಕರ ಮತಕರಿಯವರ ಮಕ್ಕಳ ನಾಟಕ ‘ಅಲಬತ್ಯಾ ಗಲಬತ್ಯಾ’ದ ಮಾಟಗಾತಿ ಚಿಂಚಿ ಚೇಟಕೀಣಳನ್ನು, ಹಿಂದೆ ದಿಲೀಪ್ ಪ್ರಭಾವಳ್ಕರ್ ಮತ್ತು 2018ರಿಂದ ವೈಭವ್ ಮಾಂಗಲೆ ಹೆಣ್ಣುವೇಷ ಕಟ್ಟಿ ಕುಣಿದ ಆ ಪಾತ್ರವನ್ನು, ನೋಡಲೆಂದೇ ಮಕ್ಕಳು ನಾಟಕಕ್ಕೆ ಹಠ ಹಿಡಿಯುತ್ತಾರೆ. ಕೆಟ್ಟವಳಿಗೆ ಆಸೆಯಿದೆ, ಅಡುಗೆಮನೆಯಿದೆ, ಭಯವಿದೆ. ಒಳ್ಳೆಯವಳಿಗೆ ಬಹಳಷ್ಟು ಕಥೆಗಳಲ್ಲಿ ಒಂದು ಮಂತ್ರದಂಡ ಮತ್ತು ಇಸ್ತ್ರಿ ಮಾಡಿದ ಉಡುಪು.

ಈ ವಿಷಯದಲ್ಲಿ ನಮ್ಮ ಯಕ್ಷಗಾನ ಹೆಚ್ಚು ಜಾಣ. ಮಳೆಗಾಲದಲ್ಲಿ ಊರಿನ ಕಲಾವಿದರು ಮುಂಬಯಿಗೆ ಬಂದು ಪಂಚವಟಿ ಪ್ರಸಂಗ ಆಡಿದರೆ, ಹೆಣ್ಣುಬಣ್ಣದ, ಅಂದರೆ ರಕ್ಕಸಿ ವೇಷದ, ಶೂರ್ಪನಖಿ ಅಬ್ಬರಿಸಿಕೊಂಡು ಬರುತ್ತಾಳೆ. ಬಳಿಕ ಅವಳೇ ಮಾಯಾ ಶೂರ್ಪನಖಿಯಾಗಿ, ಇನ್ನೊಬ್ಬ ಕಲಾವಿದರ ಮೈಯಲ್ಲಿ, ನಾಜೂಕಿನ ಸ್ತ್ರೀವೇಷವಾಗಿ ರಾಮನ ಮುಂದೆ ನಿಲ್ಲುತ್ತಾಳೆ. ಪೂತನಿ ಗೋಕುಲಕ್ಕೆ ಬಂದದ್ದೂ ಚೆಲುವೆಯಾಗಿಯೇ. ಇಲ್ಲಿ ಚೆಲುವು ಒಳ್ಳೆಯತನದ ಪ್ರಮಾಣಪತ್ರವಲ್ಲ, ಕೆಲವೊಮ್ಮೆ ವೇಷ ಮಾತ್ರ. ಹಾಗೆಂದು ನಮ್ಮಲ್ಲಿ ಎಲ್ಲವೂ ಸರಿಯಿದೆ ಎಂದಲ್ಲ. ಶೂರ್ಪನಖಿಯ ಮೂಗು ಕೊಯ್ಯುವಾಗ ಸಭೆಯಲ್ಲಿ ಏಳುವ ನಗು ನನಗೆ ಎಂದೂ ರುಚಿಸಿಲ್ಲ.

ಉತ್ತರದ ಮುದುಕಿಯ ನಂಟು ಇರುವುದು ನಮ್ಮ ಜಾನಪದ ಕಥೆಗಳ ಅಡಗೂಲಜ್ಜಿಯೊಡನೆ. ಪರಊರಿನಿಂದ ದಣಿದು ಬಂದ ರಾಜಕುಮಾರನಿಗೆ ಮೊದಲು ಸಿಗುವುದು ಅವಳ ಮನೆ. ಊಟ ಬಡಿಸುತ್ತ ಅರಮನೆಯ ಗುಟ್ಟನ್ನೂ ಊರಿನ ಅಪಾಯವನ್ನೂ ಹೇಳುವವಳು ಅವಳು. ರಾಕ್ಷಸನನ್ನು ಕೊಲ್ಲುವ ಬಲ ಅವಳಿಗಿಲ್ಲ, ಅದು ಅವಳಿಗೂ ಗೊತ್ತು. ಕಥೆ ಮುಂದೆ ಸಾಗಿದಾಗ ಅವಳನ್ನು ಯಾರೂ ನೆನೆಯುವುದಿಲ್ಲ.

ನಮ್ಮ ಸಂಘಗಳು ಬೇಸಿಗೆಯ ಮಕ್ಕಳ ಶಿಬಿರಕ್ಕೆ ಆಗಾಗ ಓಜ್ ಕಥೆಯನ್ನು ಕನ್ನಡಕ್ಕೆ ತರುವ ಯೋಚನೆ ಮಾಡುವುದುಂಟು. ಮಾಡುವವರು ಸಿನಿಮಾವನ್ನು ಬದಿಗಿಟ್ಟು ಮೂಲವನ್ನು ಹಿಡಿಯಲಿ. ಗ್ಲಿಂಡಾ ಕೊನೆಯ ಅಂಕಕ್ಕೆ ಕಾಯಲಿ. ಉತ್ತರದವಳ ಪಾತ್ರವನ್ನು ಹುಡುಗಿಯೊಬ್ಬಳ ತಲೆಗೆ ಪೌಡರ್ ಬಳಿದು ಮಾಡಿಸದೆ, ಶಿಬಿರಕ್ಕೆ ಮೊಮ್ಮಕ್ಕಳನ್ನು ಕರೆತಂದು ಹಿಂದಿನ ಸಾಲಿನಲ್ಲಿ ಕೂರುವ ಅಜ್ಜಿಯರಲ್ಲಿ ಒಬ್ಬರಿಗೆ ಕೊಡಲಿ. ಮೂಗಿನ ಮೇಲೆ ಟೊಪ್ಪಿಗೆ ನಿಲ್ಲಿಸುವುದನ್ನು ಅಭ್ಯಾಸ ಮಾಡಲು ಅವರಿಗೆ ಎರಡು ವಾರ ಬೇಕಾದೀತು.