ದೂಧಸಾಗರದ ನೀರು ನಮ್ಮ ಮನೆಯ ನಲ್ಲಿಗೇ ಬರುತ್ತದೆ

ಗೋವಾದ ದೂಧಸಾಗರ ಜಲಪಾತಕ್ಕೆ ಜನ ಇನ್ನೂ ಜಾಸ್ತಿ ಬರಲಿ ಅನ್ನುವವರಿಗೆ ನನ್ನದೊಂದೇ ಪ್ರಶ್ನೆ. ಬಂದವರು ಶೌಚಕ್ಕೆ ಎಲ್ಲಿಗೆ ಹೋಗಬೇಕು?

ಕುಳೆಂ ಊರಿನಲ್ಲಿ ಜಲಪಾತದ ಜೀಪು ಹತ್ತಿದರೆ ಕಾಡಿನೊಳಗೆ ಹತ್ತು ಕಿಲೋಮೀಟರ್ ಮೇಲೇ ದಾರಿ. ನಡುವೆ ಹೊಳೆ ದಾಟಬೇಕು. ಇಳಿದ ಮೇಲೆ ಬಂಡೆಗಳ ಮೇಲೆ ನಡಿಗೆ. ನೀರಲ್ಲಿ ಆಡಿ ಮತ್ತೆ ಕುಳೆಂ ಮುಟ್ಟುವಷ್ಟರಲ್ಲಿ ಅರ್ಧ ದಿನ ಮುಗಿದಿರುತ್ತದೆ. ಅಷ್ಟು ಹೊತ್ತು ಮಕ್ಕಳು, ವಯಸ್ಸಾದವರು, ಮುಟ್ಟಾದ ಹೆಣ್ಮಕ್ಕಳು ಏನು ಮಾಡಬೇಕು?

ಹೋದ ಸಲ ನೋಡಿದೆ. ಬಂಡೆ ಮರೆಯಲ್ಲಿ ಇಬ್ಬರು ಹೆಂಗಸರು ದುಪಟ್ಟಾ ಅಗಲಿಸಿ ಹಿಡಿದು ನಿಂತಿದ್ದರು, ನಡುವೆ ಒಬ್ಬ ಹುಡುಗಿ ಒದ್ದೆ ಚೂಡಿದಾರ ಬದಲಿಸುತ್ತಿದ್ದಳು. ನಾಲ್ಕು ಹೆಜ್ಜೆ ಆಚೆಗೆ ಲೈಫ್ ಜಾಕೆಟ್ ಹಾಕಿಕೊಂಡ ಗಂಡಸರ ಗುಂಪು. ಅವಳಮ್ಮ 'ಲಗೂ ಹಾಕ್ಕೋವಾ, ಲಗೂ' ಅನ್ನುತ್ತಲೇ ಇದ್ದರು. ನಮ್ಮ ಹುಬ್ಬಳ್ಳಿ ಕಡೆಯವರೇ. ತುಂಬಾ ಬೇಜಾರಾಯಿತು. ಇನ್ನು ಪೊದೆಗಳ ಹಿಂದಿನ ಕಥೆ ಬಿಡಿಸಿ ಹೇಳಬೇಕಾಗಿಲ್ಲ. ಡೈಪರ್, ನ್ಯಾಪ್ಕಿನ್, ಶಾಂಪೂ ಪ್ಯಾಕೆಟ್, ಎಲ್ಲಾ ಅಲ್ಲೇ.

ಆ ನೀರು ಕೆಳಗೆ ಎಲ್ಲಿಗೆ ಹೋಗುತ್ತದೆ ಗೊತ್ತಾ? ಖಾಂಡೇಪಾರ ನದಿಗೆ. ಅದರ ದಂಡೆಯಲ್ಲೇ ಓಪಾ ನೀರು ಶುದ್ಧೀಕರಣ ಘಟಕ ಇದೆ. ಫೋಂಡಾ, ಪಣಜಿ ಕಡೆಗೆ ನಲ್ಲಿ ನೀರು ಬರುವುದು ಅಲ್ಲಿಂದ. ನಾನು ಇರುವುದು ಫೋಂಡಾದಲ್ಲಿ, ನಮ್ಮ ಮನೆಯ ಕೊಡ ತುಂಬುವುದೂ ಅದೇ ಹೊಳೆ. ಮುಂದೆ ಅದು ಮಾಂಡೋವಿ ಸೇರುತ್ತದೆ, ನಾವು ಮಹದಾಯಿ ಅನ್ನುತ್ತೇವಲ್ಲ, ಅದೇ. ಮಹದಾಯಿ ನೀರಿನ ಪಾಲಿಗಾಗಿ ಗೋವಾ, ಕರ್ನಾಟಕ ಎರಡೂ ರಾಜ್ಯದವರು ಎಷ್ಟು ವರ್ಷದಿಂದ ಕಿತ್ತಾಡುತ್ತಿದ್ದೇವೆ! ಹೊಳೆ ಹೊಲಸಾಗುತ್ತಿದೆ ಅಂತ ಅದರ ಕಾಲು ಭಾಗ ದನಿ ಎತ್ತಿದ್ದರೂ ಸಾಕಿತ್ತು.

ಇದು ಭಗವಾನ್ ಮಹಾವೀರ ವನ್ಯಧಾಮ, ಕಾಟಿ ಓಡಾಡುವ ಕಾಡು, ಒಳಗೆ ಕಟ್ಟಡ ಬೇಡ ಅನ್ನುವವರಿದ್ದಾರೆ. ಅವರ ಮಾತು ಸರಿ. ಅದಕ್ಕೇ ಜಲಪಾತದ ಬುಡದಲ್ಲಿ ಏನೂ ಕಟ್ಟಬೇಡಿ. ಜೀಪು ನಿಲ್ಲುವಲ್ಲಿ, ಹೊಳೆಯಿಂದ ದೂರ, ಟ್ಯಾಂಕ್ ತುಂಬಿದಾಗ ಹೊರಗೆ ಸಾಗಿಸುವಂಥ ಶೌಚಾಲಯ ಇಡಿ, ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ ಇಡಿ, ತೊಳೆಯುವವರಿಗೆ ಸರಿಯಾಗಿ ಸಂಬಳ ಕೊಡಿ. ಅದೂ ಆಗಲ್ಲ ಅಂದರೆ ಒಳಗೆ ಬಿಡುವ ಜನರನ್ನೇ ಕಡಿಮೆ ಮಾಡಿ. ದುಡ್ಡು ತೆಗೆದುಕೊಂಡು ಒಳಗೆ ಬಿಟ್ಟ ಮೇಲೆ ಜವಾಬ್ದಾರಿಯೂ ಇರುತ್ತದೆ ಅಲ್ವಾ?

ಮಳೆಗಾಲದ ನಿರ್ಬಂಧದ ಬಗ್ಗೆ ಮಾತ್ರ ನನ್ನದೇನೂ ತಕರಾರಿಲ್ಲ. ಘಟ್ಟದ ಮೇಲೆ ಮಳೆ ಹೊಡೆದರೆ ಇಲ್ಲಿ ಬಿಸಿಲಿದ್ದರೂ ನೀರು ಏರುತ್ತದೆ. 2023ರ ಜುಲೈನಲ್ಲಿ ಗೋವಾದಲ್ಲೇ ಇರುವ ಮೈನಾಪಿ ಜಲಪಾತದಲ್ಲಿ ಇಬ್ಬರು ಮುಳುಗಿ ಸತ್ತ ಮೇಲೆ ವನ್ಯಧಾಮಗಳ ಜಲಪಾತಗಳಿಗೆ ಪ್ರವೇಶ ನಿಲ್ಲಿಸಿದ್ದರು. ಆದರೂ ದೂಧಸಾಗರಕ್ಕೆ ಹಳಿ ಮೇಲೆ ನಡೆದುಕೊಂಡು ಬರುವವರಿದ್ದಾರೆ, ಅವರಲ್ಲಿ ನಮ್ಮ ಹುಡುಗರೂ ಇರುತ್ತಾರೆ. ರೈಲ್ವೆ ಕಾಯ್ದೆಯ 147ನೇ ಕಲಮಿನಲ್ಲಿ ಇದಕ್ಕೆ 6 ತಿಂಗಳ ತನಕ ಜೈಲಿದೆ, ತಮ್ಮಂದಿರೇ. ಕ್ಯಾಸಲ್‌ರಾಕ್ ಸ್ಟೇಷನ್ ದಾಟಿದ ಮೇಲೆ ಸುಮ್ನೆ ಕಿಟಕಿ ಪಕ್ಕ ಕೂತಿರಿ, ರೈಲು ಜಲಪಾತದ ಎದುರಿನ ಸೇತುವೆ ಮೇಲೇ ಹಾದುಹೋಗುತ್ತದೆ.

ಶೌಚಾಲಯದ ವಿಷಯಕ್ಕೆ ಒಂದು ಮನವಿ ಬರೆಯುತ್ತಿದ್ದೇನೆ, ಮಳೆ ಮುಗಿದು ಜೀಪು ಶುರುವಾಗುವ ಮುಂಚೆ ಕೊಡಬೇಕು. ಫೋಂಡಾ, ಕುಳೆಂ, ವಾಸ್ಕೋ ಕಡೆಯ ಕನ್ನಡದವರು ಸಹಿ ಹಾಕುವುದಾದರೆ ಇನ್‌ಬಾಕ್ಸಿನಲ್ಲಿ ತಿಳಿಸಿ. ಕೊಂಕಣಿಯಲ್ಲಿ ಚೆನ್ನಾಗಿ ಬರೆಯುವವರು ಯಾರಾದರೂ ಜೊತೆಗೆ ಸಿಕ್ಕರೆ ದೊಡ್ಡ ಉಪಕಾರ.