ತಲೆ ಯಾವ ಕಡೆ?

ಬೆಳಿಗ್ಗೆ ಎದ್ದಾಗ ಕತ್ತು ಹಿಡಿದುಕೊಂಡಿತ್ತು. ಬಲಕ್ಕೆ ತಿರುಗುತ್ತಿತ್ತು, ಎಡಕ್ಕೆ ಜಪ್ಪಯ್ಯ ಅಂದರೂ ಇಲ್ಲ. ಎಡಗಡೆ ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸಿ ಮಾತಾಡಬೇಕು. ನೋಡಿದವರಿಗೆ ನಾನು ಜಗಳಕ್ಕೆ ನಿಂತ ಹಾಗೆ ಕಾಣುತ್ತಿತ್ತಂತೆ. ನೋವನ್ನಾದರೂ ಸಹಿಸಬಹುದು. ಸಹಿಸಲಾಗದ್ದು ಆ ಪ್ರಶ್ನೆ: "ಹೇಗೆ ಮಲಗಿದ್ರಿ?" ಹೆಂಡತಿ ಕೇಳಿದಳು, ಹಾಲಿನವನು ಕೇಳಿದ, ಲಿಫ್ಟಿನಲ್ಲಿ ಸಿಕ್ಕ ಮೇಲಿನ ಮನೆಯವರು ಕೇಳಿದರು, ಕೊನೆಗೆ ದುಡ್ಡು ತೆಗೆದುಕೊಂಡು ಫಿಸಿಯೋಥೆರಪಿಯವರೂ ಕೇಳಿದರು. ಸ್ವಾಮಿ, ನಾನು ಹೇಗೆ ಮಲಗಿದ್ದೆ ಅಂತ ಯಾರನ್ನು ಬೇಕಾದರೂ ಕೇಳಿ, ನನ್ನನ್ನು ಬಿಟ್ಟು. ಆ ಹೊತ್ತಿನಲ್ಲಿ ನಾನು ನಿದ್ದೆ ಮಾಡುತ್ತಿದ್ದೆ.

ಪ್ರಶ್ನೆ ಕೇಳಿದವರು ಉತ್ತರಕ್ಕೆ ಕಾಯುವುದಿಲ್ಲ, ಉಪದೇಶಕ್ಕೆ ಇಳಿಯುತ್ತಾರೆ. ಊಟವಾದ ಮೇಲೆ ಎಡಮಗ್ಗುಲು, ವಾಮಕುಕ್ಷಿ, ಅಂದರು ಒಬ್ಬರು. ಇದರಲ್ಲಿ ಹುರುಳಿದೆ, ಹೊಟ್ಟೆಯ ಚೀಲ ಎಡಕ್ಕೆ ವಾಲಿಕೊಂಡಿರುವುದರಿಂದ ಆ ಮಗ್ಗುಲಲ್ಲಿ ಹುಳಿ ಮೇಲಕ್ಕೆ ಬರುವುದು ಕಡಿಮೆ. ಹೃದಯ ಎಡಗಡೆ ಇದೆ, ಅದರ ಮೇಲೆ ಭಾರ ಬೀಳಬಾರದು, ಬಲಮಗ್ಗುಲೇ ಸರಿ ಅಂದರು ಇನ್ನೊಬ್ಬರು. ಅಂಗಾತ ಮಲಗಿದರೆ ಬೆನ್ನಿಗೆ ಹಿತ, ಆದರೆ ಗೊರಕೆ ಜಾಸ್ತಿ. ಅಂದರೆ ನನ್ನ ಬೆನ್ನಿಗೂ ಪಕ್ಕದವರ ನಿದ್ದೆಗೂ ಹೊಂದಾಣಿಕೆಯಿಲ್ಲ. ಬೋರಲು ಮಲಗಬಾರದು ಎಂಬುದರಲ್ಲಿ ಮಾತ್ರ ಎಲ್ಲರಿಗೂ ಒಮ್ಮತ. ಕತ್ತು ಗಂಟೆಗಟ್ಟಲೆ ಒಂದೇ ಕಡೆಗೆ ತಿರುಚಿಕೊಂಡಿರುತ್ತದೆಯಂತೆ. ಬೋರಲು ಮಲಗಿದಾಗ ಬರುವಂಥ ನಿದ್ದೆ ಇನ್ನು ಯಾವ ಭಂಗಿಯಲ್ಲೂ ಬರುವುದಿಲ್ಲ ಎಂದು ನಾನು ಹೇಳಲು ಹೋಗಲಿಲ್ಲ.

ದಿಂಬಿನದು ಬೇರೆಯೇ ಕತೆ. ಮಗ್ಗುಲಾಗಿ ಮಲಗುವವರ ದಿಂಬು ಭುಜದಿಂದ ಕಿವಿಯವರೆಗಿನ ಸಂದನ್ನು ತುಂಬುವಷ್ಟು ಎತ್ತರ ಇರಬೇಕು, ಮೊಣಕಾಲುಗಳ ನಡುವೆ ಇನ್ನೊಂದು ದಿಂಬು ಬೇಕು. ಸರಿ ಎಂದು ಅಂಗಡಿಗೆ ಹೋದರೆ ನಡುವೆ ಹಳ್ಳ, ಎರಡು ಕಡೆ ದಿಣ್ಣೆ ಇರುವ ಒಂದು ಪದಾರ್ಥ ತೋರಿಸಿದರು. ಅದರ ಜೊತೆ ಬಳಸುವ ವಿಧಾನದ ಒಂದು ಚೀಟಿ. ತಲೆ ಇಡುವುದಕ್ಕೆ ಚೀಟಿ! ಅದರ ಬೆಲೆಗೆ ಹಿಂದೆ ಮನೆಮಂದಿಗೆಲ್ಲ ಬೂರುಗದ ಹತ್ತಿಯ ದಿಂಬು ತುಂಬಿಸಿ, ಹತ್ತಿ ಹಿಂಜುವವನಿಗೆ ಕಾಫಿ ತಿಂಡಿ ಕೊಟ್ಟು ಕಳಿಸಬಹುದಿತ್ತು. ಶರಶಯ್ಯೆಯಲ್ಲಿದ್ದ ಭೀಷ್ಮರು ನೆನಪಾದರು. ತಲೆ ಜೋತುಬಿದ್ದಿದೆ, ದಿಂಬು ಬೇಕು ಎಂದರು. ರಾಜರೆಲ್ಲ ಮೆತ್ತನೆಯ ದಿಂಬು ಹೊತ್ತು ಓಡಿ ಬಂದರು. ಅದೊಂದೂ ಬೇಡವೆಂದು ಅರ್ಜುನನ ಕಡೆ ನೋಡಿದರು, ಅವನು ಮೂರು ಬಾಣ ನೆಟ್ಟು ತಲೆಗೆ ಆಸರೆ ಮಾಡಿಕೊಟ್ಟ. ಮೈತುಂಬ ಬಾಣ ನಾಟಿದ್ದರೂ ಮುದುಕರಿಗೆ ತಡೆಯಲಾಗದೇ ಹೋದದ್ದು ಕತ್ತಿನ ಕಷ್ಟ. ಅಲ್ಲಿದ್ದ ಒಬ್ಬ ರಾಜನೂ "ಹೇಗೆ ಮಲಗಿದ್ರಿ" ಎಂದು ಕೇಳಲಿಲ್ಲ.

ಯಾವ ಭಂಗಿ ಸರಿ ಎಂಬುದಕ್ಕೆ ಆಮೇಲೆ ಬರುತ್ತೇನೆ. ಮೊದಲು ದಿಕ್ಕಿನ ವಿಚಾರ ಮುಗಿಯಲಿ, ಯಾಕೆಂದರೆ ನಮ್ಮ ಸೋದರತ್ತೆಯ ಪ್ರಕಾರ ಹೇಗೆ ಮಲಗುತ್ತೀರಿ ಎಂಬುದು ಮುಖ್ಯವೇ ಅಲ್ಲ, ತಲೆ ಯಾವ ಕಡೆ ಎಂಬುದಷ್ಟೇ ಮುಖ್ಯ. ಸ್ವಂತ ಮನೆಯಲ್ಲಿ ಪೂರ್ವಕ್ಕೆ, ಮಾವನ ಮನೆಯಲ್ಲಿ ದಕ್ಷಿಣಕ್ಕೆ, ಪ್ರವಾಸದಲ್ಲಿ ಪಶ್ಚಿಮಕ್ಕೆ, ಉತ್ತರಕ್ಕೆ ಮಾತ್ರ ಎಂದೆಂದಿಗೂ ಇಲ್ಲ. ಇದಕ್ಕೆ ಶ್ಲೋಕವೂ ಇದೆ, ಅತ್ತೆಗೆ ಬಾಯಿಪಾಠ. ಪಶ್ಚಿಮಕ್ಕೆ ತಲೆ ಹಾಕಿದರೆ ಚಿಂತೆ ಎನ್ನುವ ಇನ್ನೊಂದು ಶ್ಲೋಕವೂ ಇದೆಯಲ್ಲ ಅತ್ತೆ ಎಂದರೆ, "ಪ್ರವಾಸ ಅಂದಮೇಲೆ ಚಿಂತೆ ಇದ್ದೇ ಇರತ್ತೆ ಕಣೋ" ಎಂದು ಎರಡಕ್ಕೂ ರಾಜಿ ಮಾಡಿಸುತ್ತಾರೆ.

ಒಮ್ಮೆ ಮಂಗಳೂರಿನಲ್ಲಿ ಮದುವೆ. ಅತ್ತೆಯನ್ನು ಕರೆದುಕೊಂಡು ಹೋಗುವುದು ನನ್ನ ಪಾಲಿಗೆ ಬಂತು. ಸ್ಲೀಪರ್ ಬಸ್ಸು, ಇಬ್ಬರು ಮಲಗುವ ಮೇಲಿನ ಬರ್ತು. ತಲೆ ಇಡುವ ಜಾಗವನ್ನು ಬಸ್ಸಿನವರು ಹಿಂದಕ್ಕೆ ಮಾಡಿದ್ದರು, ಕಾಲು ಡ್ರೈವರ್ ಕಡೆಗೆ. ಬಸ್ಸು ಹೋಗುವುದು ಪಶ್ಚಿಮಕ್ಕೆ; ಹಿಂದಕ್ಕೆ ತಲೆ ಇಟ್ಟರೆ ಅದು ಪೂರ್ವ.

"ಪೂರ್ವಕ್ಕೆ ಮಲಗಕ್ಕೆ ಇದೇನು ನಮ್ಮನೆಯೇ?" ಎಂದರು ಅತ್ತೆ.

ಹಾಗಾದರೆ ಮುಂದಕ್ಕೆ ತಲೆ ಹಾಕಿ ಎಂದೆ. ಅಲ್ಲಿಗೆ ಮುಗಿಯಲಿಲ್ಲ. ಮೆಜೆಸ್ಟಿಕ್‌ನಿಂದ ನೆಲಮಂಗಲದವರೆಗೆ ರಸ್ತೆ ಹೋಗುವುದು ವಾಯವ್ಯಕ್ಕೆ. ವಾಯವ್ಯವನ್ನು ಪಶ್ಚಿಮದ ಲೆಕ್ಕಕ್ಕೆ ಹಾಕಬೇಕೋ ಉತ್ತರದ ಲೆಕ್ಕಕ್ಕೋ? ಯಾವುದಕ್ಕೂ ಇರಲಿ ಎಂದು ನೆಲಮಂಗಲ ದಾಟುವವರೆಗೂ ಅತ್ತೆ ಕೂತೇ ಇದ್ದರು. ಬಸ್ಸು ಕುಣಿಗಲ್ ಕಡೆಗೆ ಹೊರಳಿದ್ದನ್ನು ಫೋನಿನ ದಿಕ್ಸೂಚಿಯಲ್ಲಿ ಖಾತ್ರಿ ಮಾಡಿಕೊಂಡ ಮೇಲೆ ಡ್ರೈವರ್ ಕಡೆಗೆ ತಲೆ ಹಾಕಿ ಮಲಗಿದರು. ನಾನು ಬಸ್ಸಿನವರು ಹೇಳಿದ ಹಾಗೆ ಮಲಗಿದ್ದರಿಂದ ಅವರ ಪಾದ ನನ್ನ ಮುಖದ ಪಕ್ಕಕ್ಕೆ ಬಂತು. "ತಾಗಿದ್ರೆ ನಮಸ್ಕಾರ ಮಾಡಿದೆ ಅಂದ್ಕೋ" ಎಂದು ಹೊದ್ದುಕೊಂಡರು.

ಪ್ರತಿ ಬ್ರೇಕಿಗೂ ಅತ್ತೆಯ ತಲೆ ಮುಂದಿನ ಹಲಗೆಗೆ ಕುಟ್ಟುತ್ತಿತ್ತು. ಬೆಳ್ಳೂರು ಕ್ರಾಸ್ ಬರುವ ಹೊತ್ತಿಗೆ ಹಲಗೆಗೂ ತಲೆಗೂ ನಡುವೆ ಮದುವೆಗೆ ತಂದ ರೇಷ್ಮೆ ಸೀರೆಯ ಗಂಟು ಬಂತು. ನಿಜವಾದ ಪರೀಕ್ಷೆ ಶುರುವಾದದ್ದು ಸಕಲೇಶಪುರ ದಾಟಿ ಶಿರಾಡಿ ಘಾಟಿಗೆ ಇಳಿದಾಗ. ಇಳಿಜಾರಿನಲ್ಲಿ ತಲೆ ಕೆಳಗೆ, ಕಾಲು ಮೇಲೆ; ಸಾಲದ್ದಕ್ಕೆ ತಿರುವಿಗೊಂದು ದಿಕ್ಕು. ಅತ್ತೆ ಕತ್ತಲಲ್ಲೇ ಕೇಳುವರು, "ಈಗ ಎಲ್ಲಿದೀವಿ?" ನಾನು ಫೋನು ನೋಡಿ, "ನೈರುತ್ಯ." ಸುಮ್ಮನಾಗುವರು. ಮತ್ತೊಂದು ತಿರುವು. "ಈಗ?" "ಉತ್ತರ." ದಢಕ್ಕನೆ ಎದ್ದು ಕೂರುವರು, ಬಸ್ಸು ತಿರುಗಿದ ಮೇಲೆ ಮತ್ತೆ ಮಲಗುವರು. ನನಗೇಕೆ ಸುಳ್ಳು ಹೇಳುವ ಬುದ್ಧಿ ಬರಲಿಲ್ಲವೋ. ಕೊನೆಗೆ ಕೆಳಗಿನ ಬರ್ತಿನಿಂದ ಒಂದು ದನಿ ಬಂತು: "ಅಮ್ಮಾ, ನೀವು ಮಲಗಿ. ಉತ್ತರ ಬಂದ್ರೆ ನಾನೇ ಎಬ್ಬಿಸ್ತೀನಿ." ಆ ಪುಣ್ಯಾತ್ಮನ ಮಾತಿನಲ್ಲಿ ಅತ್ತೆಗೆ ಅದೇನು ನಂಬಿಕೆ ಹುಟ್ಟಿತೋ, ಗುಂಡ್ಯ ದಾಟುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದರು. ನಾನು ಮಾತ್ರ ಬೆಳಗಿನವರೆಗೂ ದಿಕ್ಕು ನೋಡುತ್ತಿದ್ದೆ. ಆಮೇಲೆ ಬಿ.ಸಿ. ರೋಡಿನ ಹತ್ತಿರ ಬಸ್ಸು ಯಾವ ಕಡೆ ಮುಖ ಮಾಡಿ ನಿಂತಿತ್ತು ಎಂಬುದು ನನಗೆ ಗೊತ್ತು, ಹೇಳುವುದಿಲ್ಲ.

ಅತ್ತೆಯ ಮೇಲೆ ನನಗೆ ಸಿಟ್ಟಿಲ್ಲ. ಉತ್ತರಕ್ಕೆ ತಲೆ ಹಾಕಿ ಮಲಗಿದ್ದ ಆನೆಗೆ ಏನಾಯಿತು ಎಂಬುದು ಪ್ರತಿ ಗಣೇಶನ ಹಬ್ಬಕ್ಕೂ ಅವರ ಕಣ್ಣೆದುರಿಗೇ ಇರುತ್ತದೆ. ಅವರಿಗೆ ಅಷ್ಟು ಸಾಕು. ನನ್ನ ಸಿಟ್ಟು ಇದಕ್ಕೆ ವಿಜ್ಞಾನದ ಅಂಗಿ ತೊಡಿಸುವವರ ಮೇಲೆ. ರಕ್ತದಲ್ಲಿ ಕಬ್ಬಿಣ ಇದೆಯಂತೆ, ಭೂಮಿ ಅಯಸ್ಕಾಂತವಂತೆ, ಉತ್ತರಕ್ಕೆ ತಲೆ ಇಟ್ಟರೆ ರಕ್ತವೆಲ್ಲ ಮೆದುಳಿಗೆ ಎಳೆದುಕೊಳ್ಳುತ್ತದಂತೆ. ಆಸ್ಪತ್ರೆಯ ಎಂಆರ್‌ಐ ಯಂತ್ರದ ಕಾಂತಕ್ಷೇತ್ರ ಸಾಮಾನ್ಯವಾಗಿ 1.5 ಟೆಸ್ಲಾ, ಭೂಮಿಯದಕ್ಕಿಂತ ಹೆಚ್ಚುಕಡಿಮೆ 30,000 ಪಟ್ಟು. ಅದರೊಳಗೆ ಅರ್ಧ ಗಂಟೆ ಮಲಗಿದವರು ಎದ್ದು ಬಂದು ಕೌಂಟರಿನಲ್ಲಿ ಬಿಲ್ಲಿನ ಬಗ್ಗೆ ಚೌಕಾಸಿ ಮಾಡುತ್ತಾರೆ, ರಕ್ತ ಎಲ್ಲಿ ಇರಬೇಕೋ ಅಲ್ಲೇ ಇರುತ್ತದೆ. ರಕ್ತದಲ್ಲಿರುವ ಕಬ್ಬಿಣ ಮೊಳೆಯಂಥ ಕಬ್ಬಿಣವಲ್ಲ, ಕಾಂತಕ್ಕೆ ಓಡಿಹೋಗಿ ಅಂಟಿಕೊಳ್ಳುವುದಿಲ್ಲ. ಇದನ್ನೆಲ್ಲ ಕಳಿಸಿದವರಿಗೆ ವಾಪಸು ಬರೆದೆ. ಕೈಮುಗಿದ ಚಿತ್ರ ಬಂತು.

ಅತ್ತೆಯ ಹತ್ತಿರ ವಾದವೂ ಬೇರೆ ತರಹ. ಕುಶಿನಗರದಲ್ಲಿ ಬುದ್ಧ ಎರಡು ಸಾಲವೃಕ್ಷಗಳ ನಡುವೆ ಬಲಮಗ್ಗುಲಾಗಿ ಉತ್ತರಕ್ಕೇ ತಲೆ ಇಟ್ಟು ಮಲಗಿದನಲ್ಲ, ಅಂಥವನಿಗೆ ಬೇಡವಾದ ಶಾಸ್ತ್ರ ನಮಗೇಕೆ ಎಂದು ಕೇಳಿದೆ. ಅದು ಪರಿನಿರ್ವಾಣದ ಸಂಗತಿ ಎಂಬುದು ಅತ್ತೆಗೂ ಗೊತ್ತಿತ್ತು.

"ಮಲಗಿದ ಸರಿ. ಎದ್ದನೇ?" ಎಂದರು.

ಇನ್ನು ಭಂಗಿಯ ಮಾತಿಗೆ ಬರುತ್ತೇನೆ. ಎಚ್ಚರವಿದ್ದಾಗ ಎಷ್ಟೇ ಶಿಸ್ತಾಗಿ ಎಡಮಗ್ಗುಲು ಹಿಡಿದು ಮಲಗಿದರೂ ನಿದ್ದೆ ಹತ್ತಿದ ಮೇಲೆ ಮೈ ತನ್ನ ಪಾಡಿಗೆ ತಾನು ಹೊರಳಾಡುತ್ತದೆ, ರಾತ್ರಿಯಲ್ಲಿ ಎಷ್ಟೋ ಸಲ. ಹೊರಳದೇ ಇದ್ದರೇ ಕಷ್ಟ. ಹಾಸಿಗೆ ಹಿಡಿದ ರೋಗಿಗಳನ್ನು ಎರಡು ಗಂಟೆಗೊಮ್ಮೆ ಹೊರಳಿಸಿ ಎಂದು ದಾದಿಯರಿಗೆ ಹೇಳುವುದು ಅದಕ್ಕೇ. ಹೊರಳದೆ ಮಲಗುವವನು ಮಹಾವಿಷ್ಣು ಒಬ್ಬನೇ. ಆಷಾಢ ಶುದ್ಧ ಏಕಾದಶಿಗೆ ಶೇಷನ ಮೇಲೆ ಮಲಗಿದರೆ ಏಳುವುದು ಕಾರ್ತಿಕ ಶುದ್ಧ ಏಕಾದಶಿಗೆ. ಆ ನಾಲ್ಕು ತಿಂಗಳ ನಡುವೆ ಭಾದ್ರಪದದಲ್ಲಿ ಒಂದೇ ಒಂದು ಸಲ ಮಗ್ಗುಲಾಗುತ್ತಾನೆ. ಅದಕ್ಕೆ ಪರಿವರ್ತಿನೀ ಏಕಾದಶಿ ಎಂದು ಹೆಸರಿಟ್ಟು, ಆ ಒಂದು ಹೊರಳಿಗೆ ಭಕ್ತರೆಲ್ಲ ಉಪವಾಸ ಮಾಡುತ್ತಾರೆ. ಕಾಲು ಒತ್ತುತ್ತ ಕೂತ ಲಕ್ಷ್ಮಿ "ರಗ್ಗು ಯಾಕೆ ಎಳೀತೀರಿ" ಎಂದು ಕೇಳಿದ್ದನ್ನು ಯಾವ ಪುರಾಣವೂ ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಹೋದ ಚಳಿಗಾಲದಿಂದ ಎರಡು ರಗ್ಗುಗಳಿವೆ.