ನೀರು ಬಂತು!

ಅಮ್ಮ ಫೋನ್ ಮಾಡಿದರೆ ಮೊದಲು ಕೇಳುವುದು ಊಟದ ವಿಷಯವಲ್ಲ, ನೀರಿನ ವಿಷಯ. "ನೀರು ಬಂತೇನೇ?" ನಾನು ಅಮೆರಿಕಕ್ಕೆ ಬಂದು ಹದಿನಾಲ್ಕು ವರ್ಷವಾಯಿತು. ಇಲ್ಲಿ ನಲ್ಲಿ ತಿರುಗಿಸಿದರೆ ಯಾವಾಗಲೂ ನೀರು ಬರುತ್ತದೆ ಎಂದರೆ ಅವಳು ನಂಬುವುದಿಲ್ಲ. ಮಗಳು ಕಷ್ಟ ಮುಚ್ಚಿಡುತ್ತಿದ್ದಾಳೆ ಎಂದುಕೊಳ್ಳುತ್ತಾಳೆ.

ಅವಳದ್ದೇನೂ ತಪ್ಪಿಲ್ಲ. ನಮ್ಮೂರು ಚಿತ್ರದುರ್ಗ. ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಯ ನಲ್ಲಿಗೆ ಮನಸ್ಸು ಬಂದ ದಿನ ನೀರು. ಅದೂ ರಾತ್ರಿ ಎರಡು ಗಂಟೆಗೆ. ಎದುರುಮನೆಯ ಅಜ್ಜಿ "ನೀರು ಬಂತೂ!" ಎಂದು ಕೂಗಿದರೆ ಇಡೀ ಬೀದಿಯ ದೀಪ ಹತ್ತುತ್ತಿದ್ದವು. ಕೊಡ, ಬಕೆಟ್, ಹಂಡೆ, ಡ್ರಮ್ಮು, ಕೊನೆಗೆ ಕಾಫಿ ಲೋಟವನ್ನೂ ಬಿಡದೆ ತುಂಬಿಸುತ್ತಿದ್ದೆವು. ಇವತ್ತಿಗೂ ಆ ಎರಡು ಪದ ಕಿವಿಗೆ ಬಿದ್ದರೆ ನನ್ನ ಕೈ ತಾನಾಗಿ ಬಕೆಟ್ ಹುಡುಕುತ್ತದೆ.

ಅಂಥವಳು ಕಳೆದ ಬೇಸಿಗೆಯನ್ನು ನೀರಿನ ಮೇಲೆಯೇ ಕಳೆದೆ.

ಮೇ ತಿಂಗಳಿಗೆ ಅಪಾರ್ಟ್‌ಮೆಂಟ್ ಬಿಡಬೇಕಿತ್ತು. ಹೊಸ ಮನೆ ಕೈಗೆ ಸಿಗುವುದು ಸೆಪ್ಟೆಂಬರಿಗೆ. ನಡುವೆ ಎಲ್ಲಿರುವುದು? ನಮ್ಮ ಮನೆಯವರ ಹತ್ತಿರ ಉತ್ತರ ರೆಡಿ ಇತ್ತು. ಎರಡು ವರ್ಷದ ಹಿಂದೆ ಅವರು ಒಂದು ಹಾಯಿದೋಣಿ ಕೊಂಡಿದ್ದರು. 30 ಅಡಿ ಉದ್ದ, 1984ರಲ್ಲಿ ತಯಾರಾದದ್ದು, ಅಂದರೆ ನನಗಿಂತ ಒಂದು ವರ್ಷ ದೊಡ್ಡದು. ಬಾಡಿಗೆ ಎಷ್ಟು ಉಳಿಯುತ್ತದೆ ಎಂದು ಎಕ್ಸೆಲ್‌ನಲ್ಲಿ ತೋರಿಸಿದರು. ಆ ಹಾಳೆಯಲ್ಲಿ ರಿಪೇರಿ ಎಂಬ ಕಾಲಂ ಇರಲಿಲ್ಲ. ನನ್ನ ಕಣ್ಣಿಗೆ ಅದು ಬಿತ್ತು. ಆದರೂ ಸುಮ್ಮನಿದ್ದೆ. ಅದು ನನ್ನ ತಪ್ಪು.

ದೋಣಿ ಕಟ್ಟಿಹಾಕಿದ್ದು ಮೇರಿಲ್ಯಾಂಡಿನ ಅನ್ನಾಪೊಲಿಸ್ ಊರಿನಲ್ಲಿ, ಚೆಸಪೀಕ್ ಕೊಲ್ಲಿಯ ದಡದಲ್ಲಿ. ಈ ಹೆಸರು ಅಮ್ಮನ ನಾಲಿಗೆಗೆ ಹತ್ತಲಿಲ್ಲ. 'ಅನ್ನದ ಪೊಲೀಸು' ಎಂದು ನೆನಪಿಟ್ಟುಕೊಂಡಳು. ಸುಮಾರು 320 ಕಿಲೋಮೀಟರ್ ಉದ್ದದ ಕೊಲ್ಲಿ ಅದು. ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. ಅಮ್ಮ ಬಹಳ ಹೊತ್ತು ನೋಡಿದಳು. ಆಮೇಲೆ, "ಇಷ್ಟು ನೀರು ಇಟ್ಕೊಂಡು ಏನ್ ಮಾಡ್ತಾರೆ?" ಎಂದು ಕೇಳಿದಳು.

ಏನೂ ಮಾಡಲಿಕ್ಕಾಗುವುದಿಲ್ಲ. ಅದೇ ತಮಾಷೆ. ಉಪ್ಪು ನೀರು, ಕುಡಿಯುವ ಹಾಗಿಲ್ಲ. ಸ್ನಾನಕ್ಕೆ ಧುಮುಕೋಣ ಎಂದರೆ ಬೇಸಿಗೆಯಲ್ಲಿ ಅದರ ತುಂಬಾ ಜೆಲ್ಲಿಫಿಶ್. ನೋಡಲು ಸಾಬುದಾಣೆ ಪಾಯಸದ ಹಾಗೆ ತೇಲುತ್ತಿರುತ್ತವೆ, ಮೈಗೆ ತಾಗಿದರೆ ಬೆಂಕಿ. ದೋಣಿಯ ಸಿಹಿನೀರಿನ ಟ್ಯಾಂಕಿಗೆ ಹಿಡಿಯುವುದು ನೂರು ಚಿಲ್ಲರೆ ಲೀಟರ್. ಮರೀನಾದಲ್ಲಿ, ಅಂದರೆ ದೋಣಿ ನಿಲ್ಲಿಸುವ ಕಟ್ಟೆಯಲ್ಲಿ, ಇದ್ದಾಗ ಪೈಪ್ ಹಾಕಿ ತುಂಬಿಸಿಕೊಳ್ಳಬಹುದು. ಹೊರಗೆ ಹೋಗಿ ಲಂಗರು ಹಾಕಿದರೆ ಇದ್ದಷ್ಟೇ. ಇವರು ಬೆಳೆದದ್ದು ಜಯನಗರದಲ್ಲಿ, ಕಾವೇರಿ ನೀರು ಕುಡಿದು. ವೈ ನದಿಯ ಒಂದು ಮೂಲೆಯಲ್ಲಿ ಲಂಗರು ಹಾಕಿದ ಮೊದಲ ದಿನವೇ, ಹಾಡು ಹೇಳಿಕೊಂಡು ಎರಡು ಸಲ ಸ್ನಾನ ಮಾಡಿ ಟ್ಯಾಂಕ್ ಖಾಲಿ ಮಾಡಿದರು. ಮೂರು ದಿನದ ಪ್ರವಾಸ ಒಂದೂವರೆ ದಿನಕ್ಕೆ ಮುಗಿಯಿತು.

ಅವತ್ತಿನಿಂದ ನೀರಿನ ಖಾತೆ ನನ್ನ ಕೈಗೆ ಬಂತು. ದೋಣಿಯಲ್ಲಿ ಕ್ಯಾಪ್ಟನ್ ಯಾರಾದರೂ ಆಗಲಿ, ನೀರಿನ ಸಚಿವೆ ನಾನು. ಒಂದು ಚೊಂಬಿನಲ್ಲಿ ಮುಖ, ಎರಡು ಚೊಂಬಿನಲ್ಲಿ ಮೈ. ಅಕ್ಕಿ ತೊಳೆದ ನೀರಲ್ಲಿ ತರಕಾರಿ, ತರಕಾರಿ ತೊಳೆದ ನೀರಲ್ಲಿ ತಟ್ಟೆ. ಟ್ಯಾಂಕಿನ ಮೇಲೆ ನಂಬಿಕೆ ಸಾಲದೆ, ಇವರಿಗೂ ಹೇಳದೆ, 19 ಲೀಟರಿನ ನಾಲ್ಕು ಕ್ಯಾನು ತುಂಬಿಸಿ ಮುಂದಿನ ಹಾಸಿಗೆಯ ಕೆಳಗೆ ಬಚ್ಚಿಟ್ಟೆ. ಇರಲಿ ಅಂತ. ಈ ಕ್ಯಾನುಗಳನ್ನು ನೀವು ಸ್ವಲ್ಪ ನೆನಪಿಟ್ಟುಕೊಳ್ಳಿ.

ದೋಣಿಗೂ ನಮ್ಮೂರಿಗೂ ಒಂದು ವ್ಯತ್ಯಾಸ ಇತ್ತು. ನಮ್ಮೂರಲ್ಲಿ ನೀರಿಲ್ಲ, ಗಾಳಿ ಬೇಕಾದಷ್ಟು. ಜೋಗಿಮಟ್ಟಿ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಲೇ ಇರುತ್ತವೆ. ಇಲ್ಲಿ ನೀರಿದೆ, ಜುಲೈನಲ್ಲಿ ಗಾಳಿಯೇ ಇಲ್ಲ. ಹಾಯಿ ಬಿಚ್ಚಿದರೆ ಒಣಗಿಹಾಕಿದ ಬೆಡ್‌ಶೀಟಿನ ಹಾಗೆ ಜೋತಾಡುತ್ತದೆ. ಸಂಜೆ ಒಮ್ಮೆಲೇ ಗುಡುಗು ಮಿಂಚು ಬಂದಾಗ ಮಾತ್ರ ಇಡೀ ವಾರದ ಗಾಳಿ ಹತ್ತು ನಿಮಿಷದಲ್ಲಿ ಬೀಸುತ್ತದೆ. ಆಗ ಹಾಯಿ ಇಳಿಸಬೇಕು. ಹೀಗಾಗಿ ಹಾಯಿದೋಣಿಯಲ್ಲಿ ನಾವು ಓಡಾಡಿದ್ದೆಲ್ಲ ಡೀಸೆಲ್ ಎಂಜಿನ್ನಿನಲ್ಲಿ.

ಆ ಎಂಜಿನ್ನಿನಿಂದ ಒಂದು ಉಕ್ಕಿನ ದಂಡ ದೋಣಿಯ ತಳ ತೂರಿಕೊಂಡು ಹೊರಗೆ ಹೋಗಿ ಪ್ರೊಪೆಲರ್ ತಿರುಗಿಸುತ್ತದೆ. ತಳದಲ್ಲಿ ತೂತು ಎಂದರೆ ನೀರು ಬರಬೇಕಲ್ಲ? ಬರದಿರಲಿ ಎಂದು ಸುತ್ತಲೂ ಮೇಣ ಹಚ್ಚಿದ ನಾರಿನ ಹಗ್ಗ ತುರುಕಿ, ನಟ್ ಬಿಗಿದಿರುತ್ತಾರೆ. ಇದಕ್ಕೆ ಸ್ಟಫಿಂಗ್ ಬಾಕ್ಸ್ ಎನ್ನುತ್ತಾರೆ. ಅದು ಹನಿಹನಿಯಾಗಿ ಸೋರುತ್ತಿತ್ತು. ಸೋರುವ ನಲ್ಲಿ ಕಂಡರೆ ನನಗೆ ನಿದ್ದೆ ಬರುವುದಿಲ್ಲ. "ರೀ, ಬಿಗಿ ಮಾಡ್ರೀ" ಎಂದು ಎರಡು ದಿನ ಕಾಟ ಕೊಟ್ಟೆ. ಇವರು ಮೈ ಮಡಚಿ, ಎಂಜಿನ್ನಿನ ಹಿಂದೆ ತಲೆಕೆಳಗಾಗಿ ಇಳಿದು, ಒಂದು ಹನಿಯೂ ಬೀಳದ ಹಾಗೆ ಬಿಗಿದರು. ಮಾರನೇ ದಿನ ಅರ್ಧ ಗಂಟೆ ಎಂಜಿನ್ ಓಡಿಸಿದ ಮೇಲೆ ಬಿಸಿ ಕಬ್ಬಿಣದ ವಾಸನೆ. ಮುಟ್ಟಿದರೆ ದೋಸೆ ಹಂಚು.

ಪಕ್ಕದ ದೋಣಿಯ ಅಮೆರಿಕನ್ ಅಜ್ಜ ಬಗ್ಗಿ ನೋಡಿ ತಲೆ ಚಚ್ಚಿಕೊಂಡರು. ಅದು ಸೋರಲೇಬೇಕಂತೆ. ದಂಡ ತಿರುಗುವಾಗ ನಿಮಿಷಕ್ಕೆ ಕೆಲವು ಹನಿ ಬಿದ್ದರೆ ತಂಪಾಗಿರುತ್ತದೆ, ಬೀಳದಿದ್ದರೆ ಸುಟ್ಟುಹೋಗುತ್ತದೆ. ಸೋರುವುದೇ ಆರೋಗ್ಯ! ಈ ಮಾತನ್ನು ಅಮ್ಮನಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ.

ಆ ಅಜ್ಜನಿಗೆ ನಮ್ಮಿಂದ ಬೇರೆ ಕಷ್ಟವೂ ಆಯಿತು, ಪಾಪ. ಮೊದಲ ವಾರ ಬೇಳೆ ಬೇಯಿಸಲು ಕುಕ್ಕರ್ ಇಟ್ಟೆ. ಮೂರು ವಿಷಲ್ ಆಗುತ್ತಿದ್ದಂತೆ ಹೊರಗೆ ದಡಬಡ ಸದ್ದು. ಅಜ್ಜ ಬರಿಮೈಯಲ್ಲಿ ಓಡಿಬಂದು, ತಮ್ಮ ದೋಣಿಗೂ ನಮ್ಮ ದೋಣಿಗೂ ನಡುವೆ ರಬ್ಬರ್ ದಿಂಬು ಇಳಿಬಿಡುತ್ತಿದ್ದರು. ಜಲಸಂಚಾರದ ನಿಯಮದಲ್ಲಿ ಮೂರು ಸಲ ಚಿಕ್ಕದಾಗಿ ಹಾರ್ನ್ ಹೊಡೆದರೆ 'ಎಂಜಿನ್ ರಿವರ್ಸ್ ಹಾಕಿದ್ದೇನೆ' ಎಂದು ಅರ್ಥವಂತೆ. ನಾವು ಹಿಂದೆ ಬಂದು ಗುದ್ದುತ್ತೇವೆ ಎಂದುಕೊಂಡಿದ್ದಾರೆ. ತಪ್ಪಾಯಿತು ಎಂದು ಒಂದು ಬಟ್ಟಲು ಬೇಳೆ ಸಾರು ಕೊಟ್ಟು ಬಂದೆ. ಭಾನುವಾರ ಕಡಲೆಕಾಳಿಗೆ ಐದು ವಿಷಲ್. ಐದು ಅಂದರೆ ಅಪಾಯದ ಸೂಚನೆಯಂತೆ! ಈ ಸಲ ಮೂರು ದೋಣಿಯವರು ಹೊರಗೆ ಬಂದರು. ಉಸಲಿ ಸಾಕಾಗಲಿಲ್ಲ.

ಕೆಸರಿನಲ್ಲಿ ಸಿಕ್ಕಿಕೊಂಡ ಕತೆ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಇವರೂ ಇದನ್ನು ಓದುತ್ತಾರೆ. ಅಷ್ಟು ದೊಡ್ಡ ಕೊಲ್ಲಿಯ ಸರಾಸರಿ ಆಳ ಬರೀ 21 ಅಡಿ. ನಮ್ಮ ದೋಣಿಯ ತಳಕ್ಕೆ ಐದಡಿಗೂ ಜಾಸ್ತಿ ನೀರು ಬೇಕು. ಊರಿಂದ ಬಂದಿದ್ದ ಇವರ ಕಸಿನ್ ಮುಂದೆ ಸ್ಟೈಲಾಗಿ ತಿರುಗಿಸಲು ಹೋಗಿ, ದಡದ ಹತ್ತಿರ ಮೆತ್ತಗೆ ನಿಂತುಬಿಟ್ಟೆವು. ಸಮುದ್ರ ಏರಲಿ ಎಂದು ಕಾಯೋಣವೆಂದರೆ ಅಲ್ಲಿ ಏರಿಳಿತ ಒಂದಡಿ ಆಸುಪಾಸು ಅಷ್ಟೇ. ದೋಣಿಯನ್ನು ಒಂದು ಪಕ್ಕಕ್ಕೆ ವಾಲಿಸಿದರೆ ತಳ ಬಿಟ್ಟುಕೊಳ್ಳುತ್ತದೆ ಎಂದು ಇವರು ಎಲ್ಲೋ ಓದಿದ್ದರು. ಸರಿ, 20 ಪೌಂಡಿನ ಸೋನಾ ಮಸೂರಿ ಚೀಲ, ಗ್ರೈಂಡರ್, ಸೂಟ್‌ಕೇಸು, ಕಸಿನ್, ಅವನ ಹೆಂಡತಿ, ಎಲ್ಲವೂ ಬಲಕ್ಕೆ. ಅದೇ ಹೊತ್ತಿಗೆ ನೇವಲ್ ಅಕಾಡೆಮಿಯ ಹುಡುಗರ ದೋಣಿಗಳು ಸಾಲಾಗಿ, ಹಂಸಗಳ ಹಾಗೆ ಪಕ್ಕದಲ್ಲೇ ಹೋದವು. 1845ರಿಂದ ಅಮೆರಿಕದ ನೌಕಾಪಡೆಗೆ ಅಧಿಕಾರಿಗಳನ್ನು ತಯಾರು ಮಾಡುತ್ತಿರುವ ಸಂಸ್ಥೆ ಅದು. ಗ್ರೈಂಡರ್ ತಬ್ಬಿಕೊಂಡು ಕೂತಿದ್ದ ಕಸಿನ್ ಅವರಿಗೆ ಕೈ ಬೀಸಿದ. ಅವರೂ ಬಹಳ ಮರ್ಯಾದೆಯಿಂದ ಕೈ ಬೀಸಿದರು.

ಇನ್ನು ಆಗಸ್ಟ್‌ನ ಆ ಶನಿವಾರ ರಾತ್ರಿ.

ಮರೀನಾದಲ್ಲೇ ಇದ್ದೆವು. ಯಾರೋ ಮೋಟಾರ್ ಬೋಟಿನವರು ಜೋರಾಗಿ ಹೋಗಿ, ಅಲೆಗೆ ದೋಣಿಯೆಲ್ಲ ತೊಟ್ಟಿಲಾಯಿತು. ನಿದ್ದೆಗಣ್ಣಲ್ಲಿ ಕಾಲು ಕೆಳಗಿಟ್ಟೆ. ತಣ್ಣಗಾಯಿತು. ನೆಲದ ಮೇಲೆ ನೀರು ಹರಿಯುತ್ತಿತ್ತು.

"ನೀರು ಬಂತೂ!"

ಕೂಗಿದ್ದು ನಾನೇ. ಆಮೇಲೆ ಮಾಡಿದ್ದು ಹೇಳಲು ನಾಚಿಕೆಯಾಗುತ್ತದೆ. ದೀಪ ಹಾಕಲಿಲ್ಲ, ಲೈಫ್ ಜಾಕೆಟ್ ಹುಡುಕಲಿಲ್ಲ. ಕತ್ತಲಲ್ಲಿ ತಡಕಾಡಿ ಎರಡು ಪಾತ್ರೆ, ಒಂದು ಕುಕ್ಕರ್ ತೆಗೆದು ಸಿಂಕಿನ ನಲ್ಲಿಯ ಕೆಳಗೆ ಸಾಲಾಗಿ ಇಟ್ಟೆ. ಇವರು ಎದ್ದು, ಟಾರ್ಚ್ ಬಿಟ್ಟು, "ದೋಣಿ ಮುಳುಗ್ತಿದೆ, ನೀನು ನೀರು ತುಂಬಿಸ್ತಿದ್ದೀಯಲ್ಲೇ!" ಎಂದಾಗಲೇ ನಾನು ಚಿತ್ರದುರ್ಗದಿಂದ ವಾಪಸ್ ಬಂದದ್ದು.

ತಳದ ಪಂಪು ಗೊರಗೊರ ಎನ್ನುತ್ತಿತ್ತು. ಇಂಥ ಹೊತ್ತಲ್ಲಿ ನಾವಿಕರು ಮೊದಲು ಮಾಡುವ ಕೆಲಸ ನೀರಿನ ರುಚಿ ನೋಡುವುದು. ಉಪ್ಪಾದರೆ ದೋಣಿಗೆ ತೂತು, ಸಿಹಿಯಾದರೆ ಟ್ಯಾಂಕಿನ ಸೋರಿಕೆ. ಇವರು ಬೆರಳದ್ದಿ ಮುಖ ಕಿವಿಚಿದರು. ಗೊತ್ತಾಗಲಿಲ್ಲವಂತೆ. ಕಾವೇರಿ ನಾಲಿಗೆ! ನಾನು ನೋಡಿದೆ. ಬೋರ್ ನೀರು, ಟ್ಯಾಂಕರ್ ನೀರು, ಮೂರು ದಿನ ಡ್ರಮ್ಮಿನಲ್ಲಿ ನಿಂತ ನೀರು, ಎಲ್ಲವನ್ನೂ ಕಣ್ಣುಮುಚ್ಚಿ ಹೇಳುವ ನಾಲಿಗೆ ನನ್ನದು. ಸಿಹಿ ನೀರೇ. ಜೊತೆಗೆ ಒಂಚೂರು ಪ್ಲಾಸ್ಟಿಕ್ ವಾಸನೆ.

ಕ್ಯಾನು!

ಅಲೆಗೆ ಎರಡು ಕ್ಯಾನು ಮಗುಚಿ, ಮುಚ್ಚಳ ಬಿಚ್ಚಿಕೊಂಡಿದ್ದವು. ಇವರು ಎಂಜಿನ್ ಕಡೆ ಟಾರ್ಚ್ ಹಿಡಿದು ಬಗ್ಗಿದ್ದಾಗ ಎರಡನ್ನೂ ಎತ್ತಿ ಕಂಬಳಿಯೊಳಗೆ ಸುತ್ತಿಟ್ಟೆ. "ಸಿಹಿ ನೀರು ರೀ, ಟ್ಯಾಂಕಿನ ಪೈಪೇ ಇರಬೇಕು" ಎಂದೆ. ಭಾನುವಾರ ಪೂರ್ತಿ ಕೂತು ಇವರು ದೋಣಿಯ ಪೈಪಿನ ಕ್ಲಾಂಪುಗಳನ್ನೆಲ್ಲ ಬದಲಾಯಿಸಿದರು. ಹೇಗಿದ್ದರೂ ತುಕ್ಕು ಹಿಡಿದಿದ್ದವು, ಅಲ್ವಾ? ಸಂಜೆ ಅಜ್ಜನ ಮುಂದೆ ನಿಂತು, ಸೋರಿಕೆ ಕಂಡುಹಿಡಿದ ಬಗೆಯನ್ನು ವಿವರವಾಗಿ ಹೇಳಿದರು. ನಾನು ಪಕ್ಕದಲ್ಲಿ ನಿಂತು ತಲೆ ಆಡಿಸಿದೆ.

ಆಗಲೇ ಅಮ್ಮನ ಫೋನ್ ಬಂತು. "ನೀರು ಬಂತೇನೇ?"

"ಬಂತಮ್ಮಾ. ನಿನ್ನೆ ರಾತ್ರಿ ಎರಡು ಗಂಟೆಗೆ."

"ನಾನು ಹೇಳ್ಲಿಲ್ವಾ!" ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವಳ ದನಿಯಲ್ಲಿ ನೆಮ್ಮದಿ ಇತ್ತು. "ಎಲ್ಲಾದಕ್ಕೂ ತುಂಬಿಸಿಟ್ಕೊಂಡ್ಯಾ?"